ಶಾಸನಸಭೆಯಲ್ಲಿ ಒಬ್ಬ ವಿಶ್ವಾಸಿ: ಲುಡ್ವಿಗ್ ವಿಂಟ್‌ಹೋರ್ಸ್ಟ್

ದೇವಾಲಯವೊಂದು ನೂರು ವರ್ಷ ತುಂಬಿದ ಸಂಭ್ರಮದಲ್ಲಿರುವಾಗ ನಾವು ಮೊದಲು ನೆನೆಯುವುದು ಅದರ ಅಡಿಗಲ್ಲನ್ನಿರಿಸಿದ ಗುರುವರ್ಯರನ್ನು, ಕಲ್ಲು ಮಣ್ಣು ಹೊತ್ತ ಹಿರಿಯರನ್ನು, ಶಾಲೆ ಆಸ್ಪತ್ರೆಗಳಲ್ಲಿ ಬಾಳು ಸವೆಸಿದ ಕನ್ಯಾಸ್ತ್ರೀಯರನ್ನು. ಅದು ನ್ಯಾಯವೇ. ಆದರೆ ಧರ್ಮಸಭೆಯೆಂಬ ಮನೆಗೆ ಗೃಹಸ್ಥ ವಿಶ್ವಾಸಿಗಳೂ ಕಂಬಗಳಾಗಿ ನಿಂತಿದ್ದಾರೆ. ಅಂಥ ಒಬ್ಬರನ್ನು ಈ ಪುಟಗಳಲ್ಲಿ ವಾಚಕರಿಗೆ ಪರಿಚಯಿಸಬಯಸುತ್ತೇವೆ. ಅವರು ಪವಾಡ ಮಾಡಿದವರಲ್ಲ, ಮಠ ಕಟ್ಟಿದವರಲ್ಲ, ಸಂತರ ಪಟ್ಟಿಗೆ ಸೇರಿದವರೂ ಅಲ್ಲ. ಕಾನೂನು ಬಲ್ಲ ಒಬ್ಬ ಸಂಸಾರಿ. ಇಪ್ಪತ್ತನಾಲ್ಕು ವರ್ಷಗಳ ಕಾಲ ಜರ್ಮನಿಯ ಜನಪ್ರತಿನಿಧಿ ಸಭೆಯಲ್ಲಿ ಕುಳಿತು, ಪರವಾಗಿಯೋ ವಿರೋಧವಾಗಿಯೋ ಮತ ನೀಡುತ್ತ ಬಂದುದೇ ಅವರ ಜೀವಮಾನದ ಸೇವೆ. ತೆರಿಗೆಯ ಮಸೂದೆ ಬರಲಿ, ರೋಗಿಯಾದ ಕೂಲಿಗಾರನ ಚಿಕಿತ್ಸೆಯ ಮಸೂದೆ ಬರಲಿ, ಅವರ ಮತಗಳ ಹಿಂದೆ ಎರಡೇ ಪ್ರಶ್ನೆಗಳು ಕಾಣುತ್ತವೆ. ಹಣ ಕೊಡುವವರು ಯಾರು? ಆ ಹಣದಿಂದ ಯಾರ ಅಧಿಕಾರ ಬೆಳೆಯುತ್ತದೆ? ಈ ಎರಡು ಪ್ರಶ್ನೆಗಳ ಬೆಳಕಿನಲ್ಲಿ ನಾವು ಅವರ ಬಾಳನ್ನು ಅವಲೋಕಿಸೋಣ.

ಲುಡ್ವಿಗ್ ವಿಂಟ್‌ಹೋರ್ಸ್ಟರು 1812ರ ಜನವರಿ 17ರಂದು ಉತ್ತರ ಜರ್ಮನಿಯ ಓಸ್ನಾಬ್ರುಕ್ ನಗರದ ಸಮೀಪದ ಓಸ್ಟರ್‌ಕಾಪೆಲ್ನ್ ಪ್ರದೇಶದಲ್ಲಿ ಜನಿಸಿದರು. ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡರು. ಗೊಟ್ಟಿಂಗೆನ್ ಮತ್ತು ಹೈಡೆಲ್‌ಬರ್ಗ್ ವಿಶ್ವವಿದ್ಯಾಲಯಗಳಲ್ಲಿ ನ್ಯಾಯಶಾಸ್ತ್ರ ಓದಿ ವಕೀಲರಾದರು, 1838ರಲ್ಲಿ ವಿವಾಹವಾದರು. ಆಗ ಹಾನೋವರ್ ಸ್ವತಂತ್ರ ರಾಜ್ಯ. ಅರಸರೂ ಹೆಚ್ಚಿನ ಪ್ರಜೆಗಳೂ ಪ್ರೊಟೆಸ್ಟಂಟರು. ಅಂಥ ರಾಜ್ಯದಲ್ಲಿ 1851ರಲ್ಲಿ ವಿಂಟ್‌ಹೋರ್ಸ್ಟರು ನ್ಯಾಯಮಂತ್ರಿಯಾದರು. ಹಾನೋವರಿನಲ್ಲಿ ಮಂತ್ರಿಪದವಿಗೇರಿದ ಮೊದಲ ಕಥೋಲಿಕರು ಅವರೇ. 1862ರಿಂದ 1865ರವರೆಗೆ ಮತ್ತೊಮ್ಮೆ ಅದೇ ಹುದ್ದೆಯನ್ನು ನಿರ್ವಹಿಸಿದರು.

1866ರಲ್ಲಿ ಪ್ರಶ್ಯವು ಯುದ್ಧದಲ್ಲಿ ಗೆದ್ದು ಹಾನೋವರ್ ರಾಜ್ಯವನ್ನು ನುಂಗಿತು. ತಮ್ಮ ಅರಸನ ಸಿಂಹಾಸನವೇ ಮಾಯವಾದುದನ್ನು ವಿಂಟ್‌ಹೋರ್ಸ್ಟರು ಕಣ್ಣಾರೆ ಕಂಡರು. ದೊಡ್ಡ ಪ್ರಭುತ್ವವು ಚಿಕ್ಕದನ್ನು ಹೇಗೆ ನುಂಗಬಲ್ಲದೆಂಬ ಈ ಪಾಠವನ್ನು ಅವರು ಕೊನೆಯವರೆಗೂ ಮರೆಯಲಿಲ್ಲ. ಮರುವರ್ಷ, 1867ರಲ್ಲಿ, ಮೆಪೆನ್ ಕ್ಷೇತ್ರದ ಜನ ಅವರನ್ನು ರೈಖ್‌ಸ್ಟಾಗ್ ಎಂಬ ಜನಪ್ರತಿನಿಧಿ ಸಭೆಗೆ ಆರಿಸಿ ಕಳುಹಿಸಿದರು. ಮರಣದವರೆಗೂ ಆ ಕ್ಷೇತ್ರ ಅವರ ಕೈಬಿಡಲಿಲ್ಲ. ಸದಸ್ಯರಿಗೆ ಆ ದಿನಗಳಲ್ಲಿ ಸಂಬಳವಿರಲಿಲ್ಲ, ಭತ್ಯವೂ ಇರಲಿಲ್ಲ.

ಅವರ ಆಕಾರ ಯಾರ ಕಣ್ಣನ್ನೂ ಸೆಳೆಯುವಂಥದಲ್ಲ. ಬಹು ಗಿಡ್ಡ ಶರೀರ, ಅದಕ್ಕೆ ಒಪ್ಪದ ದೊಡ್ಡ ತಲೆ, ದಪ್ಪ ಗಾಜಿನ ಕನ್ನಡಕ. ವಯಸ್ಸಾದಂತೆ ದೃಷ್ಟಿ ಕುಂದಿ ಅವರು ಬಹುಮಟ್ಟಿಗೆ ಕುರುಡರಾದರು. ಕಾಗದಪತ್ರಗಳನ್ನು ಇತರರು ಓದಿ ಹೇಳಬೇಕಾಗಿತ್ತು. ಆದರೆ ಕೇಳಿದ ಅಂಕಿಅಂಶವನ್ನು ಮರೆಯದ ಸ್ಮರಣಶಕ್ತಿ, ಎದುರಾಳಿಯ ವಾದದ ಬಿರುಕನ್ನು ಕ್ಷಣದಲ್ಲಿ ಗುರುತಿಸುವ ಬುದ್ಧಿ ಅವರಿಗಿದ್ದವು. ಸಾಮ್ರಾಜ್ಯದ ಪ್ರಧಾನಿ ಬಿಸ್ಮಾರ್ಕನಿಗೆ ಸಭೆಯಲ್ಲಿ ಎದುರು ನಿಲ್ಲಬಲ್ಲವರು ವಿರಳ. ಅವರಲ್ಲಿ ಈ ಪುಟ್ಟ ಮನುಷ್ಯನೇ ಅಗ್ರಗಣ್ಯ.

ಕಥೋಲಿಕ ಪ್ರತಿನಿಧಿಗಳು ಒಂದುಗೂಡಿ ಕಟ್ಟಿದ ಪಕ್ಷಕ್ಕೆ ಸೆಂಟರ್ ಪಕ್ಷವೆಂದು ಹೆಸರು. ಸಭಾಂಗಣದ ನಡುಭಾಗದಲ್ಲಿ ಕೂರುತ್ತಿದ್ದುದರಿಂದ ಆ ಹೆಸರು ಬಂದಿತು. ಪಕ್ಷದ ಅಧ್ಯಕ್ಷ ಪೀಠದಲ್ಲಿ ಬೇರೆಯವರು ಕುಳಿತಿದ್ದರೂ ನಾಯಕರೆಂದು ದೇಶವೆಲ್ಲ ಗುರುತಿಸಿದ್ದು ವಿಂಟ್‌ಹೋರ್ಸ್ಟರನ್ನೇ. 1871ರಲ್ಲಿ ಜರ್ಮನ್ ಸಾಮ್ರಾಜ್ಯ ಸ್ಥಾಪನೆಯಾದೊಡನೆಯೇ ಧರ್ಮಸಭೆಯ ಮೇಲೆ ಸರ್ಕಾರದ ದಾಳಿ ಪ್ರಾರಂಭವಾಯಿತು. ಚರಿತ್ರಕಾರರು ಇದನ್ನು ಸಂಸ್ಕೃತಿ ಸಮರವೆಂದು ಕರೆಯುತ್ತಾರೆ. 1872ರ ಕಾನೂನಿನಿಂದ ಯೇಸುಸಭೆಗೆ ಬಹಿಷ್ಕಾರವಾಯಿತು. 1873ರ ಮೇ ತಿಂಗಳ ಕಾನೂನುಗಳು ಗುರುಗಳ ಶಿಕ್ಷಣ ಮತ್ತು ನೇಮಕವನ್ನು ಸರ್ಕಾರದ ಹಿಡಿತಕ್ಕೆ ತಂದವು. ಪೋಸನ್ ಮಹಾಧರ್ಮಾಧ್ಯಕ್ಷ ಲೆದೊಖೋವ್‌ಸ್ಕಿಯವರು ಸೆರೆಮನೆ ಸೇರಿದರು. ನೂರಾರು ಧರ್ಮಕೇಂದ್ರಗಳು ಗುರುಗಳಿಲ್ಲದೆ ಬರಿದಾದವು. 1875ರ ಕಾನೂನು ಪ್ರಶ್ಯದ ಧಾರ್ಮಿಕ ಸಭೆಗಳನ್ನೆಲ್ಲ ವಿಸರ್ಜಿಸಿತು. ಆದರೆ ರೋಗಿಗಳ ಶುಶ್ರೂಷೆಗೇ ಮುಡಿಪಾದ ಸಭೆಗಳನ್ನು ಮಾತ್ರ ಉಳಿಸಿತು. ಗುರುಗಳನ್ನು ಸಹಿಸದ ಸರ್ಕಾರಕ್ಕೂ ರೋಗಿಯ ಹಾಸಿಗೆಯ ಬಳಿ ನಿಂತ ಕನ್ಯಾಸ್ತ್ರೀ ಬೇಕೇ ಆಗಿದ್ದಳು.

ಈ ಕಥೆಗೂ ನಮ್ಮ ನಾಡಿಗೂ ಒಂದು ಎಳೆ ಉಂಟು. ಯೇಸುಸಭೆಯವರಿಗೆ ಜರ್ಮನಿಯ ಬಾಗಿಲು ಮುಚ್ಚಿದ್ದ ಆ ವರ್ಷಗಳಲ್ಲಿಯೇ, 1878ರ ಕಡೆಯಲ್ಲಿ, ಮಂಗಳೂರಿಗೆ ಬಂದಿಳಿದ ಯೇಸುಸಭೆಯ ಗುರುಗಳಲ್ಲಿ ಜರ್ಮನಿಯ ವೆಸ್ಟ್‌ಫಾಲಿಯದಲ್ಲಿ ಹುಟ್ಟಿದ ಫಾದರ್ ಆಗಸ್ಟಸ್ ಮುಲ್ಲರರೂ ಒಬ್ಬರು. 1880ರಲ್ಲಿ ಕಂಕನಾಡಿಯಲ್ಲಿ ಬಡವರಿಗಾಗಿ ಅವರು ತೆರೆದ ಹೋಮಿಯೋಪಥಿ ಔಷಧಾಲಯವೇ ಇಂದು ನಾಡೆಲ್ಲ ಬಲ್ಲ ದೊಡ್ಡ ಆಸ್ಪತ್ರೆಯಾಗಿ ಬೆಳೆದು ನಿಂತಿದೆ. ತಾಯ್ನಾಡಿನ ಕಾನೂನು ಅವರ ಸಭೆಗೆ ನೆಲೆ ನಿರಾಕರಿಸಿತ್ತು. ನಮ್ಮ ಕರಾವಳಿಯ ರೋಗಿಗಳು ಅವರ ಸೇವೆ ಪಡೆದರು.

ಧರ್ಮಸಭೆಯ ವಿರುದ್ಧದ ಪ್ರತಿಯೊಂದು ಕಾನೂನನ್ನೂ ವಿಂಟ್‌ಹೋರ್ಸ್ಟರು ವಿರೋಧಿಸಿದರು. ಗುರುಗಳು ಬಲಿಪೂಜೆ ಅರ್ಪಿಸುವುದಕ್ಕೂ ಸಾಯುವವರಿಗೆ ಸಂಸ್ಕಾರ ನೀಡುವುದಕ್ಕೂ ದಂಡನೆ ಇರಬಾರದೆಂಬ ಗೊತ್ತುವಳಿಯನ್ನು 1880ರಲ್ಲಿ ತಂದರು, ಸೋತರು, ಮತ್ತೆ ತಂದರು. ಆದರೆ ಅವರ ದೊಡ್ಡತನ ಕಾಣುವುದು ತಮ್ಮವರಲ್ಲದವರಿಗಾಗಿ ನೀಡಿದ ಮತದಲ್ಲಿ. 1878ರಲ್ಲಿ ಬಿಸ್ಮಾರ್ಕನು ಸಮಾಜವಾದಿಗಳ ಸಂಘಗಳನ್ನೂ ಪತ್ರಿಕೆಗಳನ್ನೂ ಅಡಗಿಸುವ ಮಸೂದೆ ತಂದಾಗ, ಸಮಾಜವಾದಿಗಳ ತತ್ತ್ವವನ್ನು ಎಳ್ಳಷ್ಟೂ ಒಪ್ಪದ ವಿಂಟ್‌ಹೋರ್ಸ್ಟರು ಮತ್ತು ಅವರ ಪಕ್ಷದವರು ವಿರುದ್ಧವಾಗಿ ಮತ ಚಲಾಯಿಸಿದರು. 1880ರಲ್ಲಿ ಯೆಹೂದ್ಯರ ಸಮಾನ ಹಕ್ಕಿನ ಪ್ರಶ್ನೆ ಪ್ರಶ್ಯದ ಸಭೆಗೆ ಬಂದಾಗಲೂ, ತಮ್ಮ ಪಕ್ಷದಲ್ಲಿಯೇ ಭಿನ್ನಸ್ವರವಿದ್ದರೂ, ಅವರು ಸಮಾನತೆಯ ಪಕ್ಷ ವಹಿಸಿದರು. ಒಂದು ಗುಂಪಿಗೆಂದೇ ಹೊಲಿದ ವಿಶೇಷ ಶಿಕ್ಷೆಯ ಕಾನೂನು ಎಂದಾದರೂ ಎಲ್ಲರ ಕೊರಳಿಗೂ ಬೀಳುವುದೆಂದು ಅವರು ಅನುಭವದಿಂದ ಬಲ್ಲವರಾಗಿದ್ದರು.

ಇನ್ನು ತೆರಿಗೆಯ ವಿಷಯ. 1879ರಲ್ಲಿ ಬಿಸ್ಮಾರ್ಕನು ಹೊರದೇಶದ ಸರಕುಗಳ ಮೇಲೆ ಸುಂಕ ಹೇರಲು ಹೊರಟನು. ಅಲ್ಲಿಯವರೆಗೆ ಸಾಮ್ರಾಜ್ಯದ ಖಜಾನೆಗೆ ಕೊರತೆಯಾದಾಗ ಪ್ರತ್ಯೇಕ ರಾಜ್ಯಗಳು ತಮ್ಮ ಪಾಲಿನ ಕಾಣಿಕೆ ಕೊಡಬೇಕಿತ್ತು. ವರ್ಷ ವರ್ಷವೂ ಜನಪ್ರತಿನಿಧಿಗಳ ಒಪ್ಪಿಗೆ ಬೇಕಿತ್ತು. ಸುಂಕದ ಹಣವೆಲ್ಲ ನೇರವಾಗಿ ಪ್ರಧಾನಿಯ ಕೈಸೇರಿದರೆ, ಅವನು ಸಭೆಯನ್ನು ಕೇಳುವ ಗೊಡವೆಯೇ ಉಳಿಯದು. ಆದ್ದರಿಂದ ಸೆಂಟರ್ ಪಕ್ಷವು ಸುಂಕಕ್ಕೆ ಮತ ನೀಡಿತು, ಆದರೆ ಒಂದು ಷರತ್ತಿನ ಮೇಲೆ. ಸುಂಕ ಮತ್ತು ತಂಬಾಕು ತೆರಿಗೆಯಿಂದ ಬರುವ ಹಣ ವರ್ಷಕ್ಕೆ 13 ಕೋಟಿ ಮಾರ್ಕನ್ನು ಮೀರಿದರೆ, ಮಿಕ್ಕದ್ದು ರಾಜ್ಯಗಳಿಗೆ ಹಂಚಿಕೆಯಾಗಬೇಕು. ಪಕ್ಷದ ಅಧ್ಯಕ್ಷ ಫ್ರಾಂಕೆನ್‌ಸ್ಟೈನರ ಹೆಸರು ಈ ಷರತ್ತಿಗೆ ಬಂದಿತು. ಹೀಗೆ ಪ್ರಧಾನಿಗೆ ಹಣ ದೊರೆಯಿತು. ಹಣದ ಚೀಲದ ದಾರ ಮಾತ್ರ ಸಭೆಯ ಕೈಯಲ್ಲಿಯೇ ಉಳಿಯಿತು.

ಇಲ್ಲಿ ನಾವು ಒಂದು ಮಾತನ್ನು ಮುಚ್ಚಿಡಬಾರದು. ಅದೇ ಸುಂಕದ ಪಟ್ಟಿಯಲ್ಲಿ ಧಾನ್ಯವೂ ಇತ್ತು. ನೂರು ಕಿಲೋ ಗೋಧಿಗೆ ಮೊದಲು 1 ಮಾರ್ಕ್, 1885ರಲ್ಲಿ 3, 1887ರಲ್ಲಿ 5 ಮಾರ್ಕ್ ಸುಂಕವಾಯಿತು. ಹೊಲವುಳ್ಳವರಿಗೆ ಇದರಿಂದ ಲಾಭ. ಪಟ್ಟಣದ ಕೂಲಿಗಾರನಿಗೆ ರೊಟ್ಟಿ ತುಟ್ಟಿ. ಸೆಂಟರ್ ಪಕ್ಷದ ಮತದಾರರಲ್ಲಿ ರೈತರೂ ಇದ್ದರು, ಕಾರ್ಖಾನೆಯ ಕೂಲಿಗಾರರೂ ಇದ್ದರು. ಈ ವಿಷಯದಲ್ಲಿ ಪಕ್ಷದ ಬಹುಪಾಲು ಮತ ರೈತನ ಕಡೆಗೇ ಬಿದ್ದಿತು. ಬಡವನ ಪಕ್ಷಪಾತಿಯೆಂದು ನಾವು ಕೊಂಡಾಡುವವರ ಮತಪಟ್ಟಿಯಲ್ಲಿ ಇದೂ ಒಂದು ಸಾಲೆಂಬುದನ್ನು ಒಪ್ಪಿಕೊಂಡೇ ಮುಂದುವರಿಯಬೇಕು.

ರೋಗಿಯಾದ ಕೂಲಿಗಾರನ ಸ್ಥಿತಿ ಆ ಕಾಲದಲ್ಲಿ ಎಂತಹುದಿತ್ತೆಂಬುದನ್ನು ನಾವು ಊಹಿಸಿಕೊಳ್ಳಬಹುದು. ಹಳ್ಳಿಯಿಂದ ಗಣಿಗೂ ಗಿರಣಿಗೂ ಬಂದವನು ಜ್ವರದಿಂದ ಮಲಗಿದರೆ ಆ ದಿನವೇ ಕೂಲಿ ನಿಂತಿತು. ವೈದ್ಯನಿಗೆ ಕೊಡಲು ಕಾಸಿಲ್ಲ. ಉಳಿದದ್ದು ಊರಿನ ದಾನನಿಧಿ. ಅದನ್ನು ಪಡೆದವನಿಗೆ ಮತದ ಹಕ್ಕೂ ಇಲ್ಲ. ಕೈಗಾರಿಕೆಯ ಈ ಗಾಯವನ್ನು ಮೈನ್ಸ್ ನಗರದ ಧರ್ಮಾಧ್ಯಕ್ಷ ಕೆಟ್ಟೆಲರರಂಥವರು ಬಹು ಹಿಂದೆಯೇ ತೋರಿಸಿಕೊಟ್ಟಿದ್ದರು. ಸಮಾಜವಾದಿಗಳ ಬೆಳವಣಿಗೆಯಿಂದ ಕಳವಳಗೊಂಡ ಬಿಸ್ಮಾರ್ಕನು, ದಮನದ ಜೊತೆಗೆ ಕೂಲಿಗಾರರನ್ನು ಒಲಿಸಿಕೊಳ್ಳುವ ಉಪಾಯವನ್ನೂ ಹೂಡಿದನು. 1881ರಲ್ಲಿ ಅಪಘಾತ ವಿಮೆಯ ಮಸೂದೆ ತಂದನು. ಬಡ ಕೂಲಿಗಾರರ ವಂತಿಗೆಯನ್ನು ಸಾಮ್ರಾಜ್ಯದ ಖಜಾನೆಯೇ ಭರಿಸಬೇಕು, ಎಲ್ಲವನ್ನೂ ಒಂದೇ ಕೇಂದ್ರ ಕಚೇರಿ ನಡೆಸಬೇಕೆಂಬುದು ಅವನ ಯೋಜನೆ. ಅದಕ್ಕೆ ಬೇಕಾದ ಹಣವನ್ನು ತಂಬಾಕಿನ ವ್ಯಾಪಾರವನ್ನೆಲ್ಲ ಸರ್ಕಾರದ ಏಕಸ್ವಾಮ್ಯಕ್ಕೆ ತಂದು ಗಳಿಸುವ ಆಲೋಚನೆಯಿತ್ತು.

ಮೇಲ್ನೋಟಕ್ಕೆ ಇದು ಬಡವರ ಮೇಲಿನ ಕರುಣೆ. ಕ್ರೈಸ್ತನಾದವನು ಕಣ್ಣು ಮುಚ್ಚಿ ಒಪ್ಪಬೇಕಾದದ್ದು ಎಂದು ತೋರಬಹುದು. ಆದರೆ ವಿಂಟ್‌ಹೋರ್ಸ್ಟರು ತಮ್ಮ ಎರಡನೆಯ ಪ್ರಶ್ನೆಯನ್ನು ಬಿಡಲಿಲ್ಲ. ಸರ್ಕಾರದ ಖಜಾನೆಯಿಂದ ಬಂದ ಔಷಧಿಯನ್ನು ಕುಡಿದವನು ಸರ್ಕಾರದ ಋಣಕ್ಕೆ ಬೀಳುತ್ತಾನೆ. ಹತ್ತು ವರ್ಷಗಳ ಹಿಂದೆ ದೇವಾಲಯಕ್ಕೆ ಬೀಗ ಜಡಿದ ಕೈಯೇ ಈಗ ರೋಗಿಯ ಕೈಹಿಡಿಯುತ್ತಿದೆ. ಆ ಹಿಡಿತ ಸಡಿಲುವುದೇ? ಅವರ ಪಕ್ಷವೂ ಇತರರೂ ಸೇರಿ ಖಜಾನೆಯ ಸಹಾಯಧನದ ಅಂಶವನ್ನು ಮಸೂದೆಯಿಂದ ಕಿತ್ತುಹಾಕಿದರು, ಮಸೂದೆ ಬಿದ್ದುಹೋಯಿತು. 1882ರಲ್ಲಿ ತಂಬಾಕು ಏಕಸ್ವಾಮ್ಯವನ್ನೂ ಸಭೆಯು ಭಾರೀ ಬಹುಮತದಿಂದ ತಿರಸ್ಕರಿಸಿತು.

ತಿರಸ್ಕರಿಸಿ ಸುಮ್ಮನಾಗಿದ್ದರೆ ವಿಂಟ್‌ಹೋರ್ಸ್ಟರು ಬರೀ ವಿರೋಧಿಯೆನಿಸಿ ಮರೆತುಹೋಗುತ್ತಿದ್ದರು. 1883ರಲ್ಲಿ ರೋಗವಿಮೆಯ ಮಸೂದೆ ಬೇರೆ ರೂಪದಲ್ಲಿ ಬಂದಿತು. ವಂತಿಗೆಯ ಮೂರರಲ್ಲಿ ಎರಡು ಪಾಲು ಕೂಲಿಗಾರನದು, ಒಂದು ಪಾಲು ಮಾಲೀಕನದು, ಖಜಾನೆಯ ಹಣವಿಲ್ಲ. ಕೇಂದ್ರ ಕಚೇರಿಯ ಬದಲು ಊರೂರಿನ ರೋಗನಿಧಿಗಳು. ಅವುಗಳ ಆಡಳಿತದಲ್ಲಿ ವಂತಿಗೆಗೆ ತಕ್ಕಂತೆ ಕೂಲಿಗಾರರ ಪ್ರತಿನಿಧಿಗಳದೇ ಹೆಚ್ಚಿನ ಸಂಖ್ಯೆ. ರೋಗಿಗೆ ವೈದ್ಯನೂ ಔಷಧಿಯೂ ಉಚಿತ. ಮೂರನೆಯ ದಿನದಿಂದ ಹದಿಮೂರು ವಾರಗಳವರೆಗೆ ಅರ್ಧ ಕೂಲಿ. ನಿಧಿಯ ಸದಸ್ಯೆಯಾದ ಬಾಣಂತಿಗೆ ಮೂರು ವಾರಗಳ ನೆರವು. ಸತ್ತರೆ ಶವಸಂಸ್ಕಾರದ ವೆಚ್ಚ. ಇದಕ್ಕೆ ಸೆಂಟರ್ ಪಕ್ಷ ಬೆಂಬಲ ನೀಡಿತು. 1883ರ ಜೂನ್ 15ರಂದು ಅದು ಕಾನೂನಾಯಿತು. ಇಡೀ ದೇಶದ ಕಾರ್ಮಿಕರಿಗೆ ಕಡ್ಡಾಯವಾದ ರೋಗವಿಮೆಯನ್ನು ತಂದ ಮೊದಲ ಕಾನೂನು ಅದೇ. ಕೂಲಿಗಾರನು ಇನ್ನು ದಾನಕ್ಕೆ ಕೈಯೊಡ್ಡಬೇಕಾಗಿರಲಿಲ್ಲ. ತಾನೂ ಹಣ ಹಾಕಿದ ನಿಧಿಯಿಂದ, ತನ್ನವರೇ ನಡೆಸುವ ನಿಧಿಯಿಂದ, ಹಕ್ಕಾಗಿ ಚಿಕಿತ್ಸೆ ಪಡೆದನು. ಮರುವರ್ಷ ಅಪಘಾತ ವಿಮೆಯೂ ಖಜಾನೆಯ ಸಹಾಯಧನವಿಲ್ಲದೆ ಅಂಗೀಕಾರವಾಯಿತು. ಅದರ ಭಾರ ಮಾಲೀಕರ ಸಂಘಗಳ ಮೇಲೆ ಬಿದ್ದಿತು.

ವಿಂಟ್‌ಹೋರ್ಸ್ಟರ ಬಾಳಿನ ಅತ್ಯಂತ ಕಠಿಣ ಪರೀಕ್ಷೆ 1887ರಲ್ಲಿ ಎದುರಾಯಿತು. ಸೈನ್ಯದ ವೆಚ್ಚವನ್ನು ಒಮ್ಮೆಗೇ ಏಳು ವರ್ಷಗಳಿಗೆ ಮಂಜೂರು ಮಾಡಬೇಕೆಂದು ಬಿಸ್ಮಾರ್ಕನು ಕೇಳಿದನು. ಮೂರು ವರ್ಷಗಳಿಗಾದರೆ ಕೇಳಿದಷ್ಟನ್ನೂ ಕೊಡಲು ಸೆಂಟರ್ ಪಕ್ಷ ಸಿದ್ಧವಿತ್ತು; ಏಳು ವರ್ಷ ಜನಪ್ರತಿನಿಧಿಗಳ ಕೈಕಟ್ಟಿ ಹಾಕುವುದನ್ನು ಅದು ಒಪ್ಪಲಿಲ್ಲ. ಆಗ ಧರ್ಮಸಭೆಯ ವಿರುದ್ಧದ ಕಾನೂನುಗಳು ಸಡಿಲಗೊಳ್ಳುತ್ತಿದ್ದ ಕಾಲ. ಸರ್ಕಾರದೊಡನೆ ಶಾಂತಿಯನ್ನು ಬಯಸಿದ ಜಗದ್ಗುರು ಹದಿಮೂರನೆಯ ಲಿಯೋರವರು, ಪಕ್ಷವು ಮಸೂದೆಯನ್ನು ಬೆಂಬಲಿಸುವುದು ಒಳಿತೆಂಬ ಇಚ್ಛೆಯನ್ನು ಕಾರ್ಡಿನಲ್ ಯಾಕೋಬಿನಿಯವರ ಮೂಲಕ ತಿಳಿಸಿದರು. ಆ ಪತ್ರ ಚುನಾವಣೆಯ ಹೊತ್ತಿನಲ್ಲಿ ಬಹಿರಂಗವಾಯಿತು. ಧರ್ಮಸಭೆಗಾಗಿ ಹದಿನೈದು ವರ್ಷ ಹೋರಾಡಿದ ಮುದುಕನನ್ನು ರೋಮಿನ ಕೈಯಿಂದಲೇ ಕೆಡವುವ ಹಂಚಿಕೆ ಅದಾಗಿತ್ತು.

ಫೆಬ್ರವರಿ 6ರಂದು ಕೊಲೋನ್ ನಗರದ ಸಭಾಭವನದಲ್ಲಿ ವಿಂಟ್‌ಹೋರ್ಸ್ಟರು ಎದ್ದು ನಿಂತರು. ಜಗದ್ಗುರುಗಳ ಬಗ್ಗೆ ಅವರ ಬಾಯಿಂದ ಒಂದೂ ಕಟುನುಡಿ ಬರಲಿಲ್ಲ. ಶ್ರದ್ಧೆಯ ವಿಷಯದಲ್ಲಿ ತಮ್ಮ ವಿಧೇಯತೆಯನ್ನು ಸಾರಿದರು. ಆದರೆ ತೆರಿಗೆ, ಸೈನ್ಯ, ಆಯವ್ಯಯಗಳಂಥ ಲೌಕಿಕ ವಿಷಯಗಳಲ್ಲಿ ಪ್ರತಿನಿಧಿಯು ತನ್ನ ಮನಸ್ಸಾಕ್ಷಿಗೂ ತನ್ನನ್ನು ಆರಿಸಿದವರಿಗೂ ಉತ್ತರ ಹೇಳಬೇಕಾದವನೆಂಬ ನಿಲುವನ್ನು ಬಿಡಲಿಲ್ಲ. ಮತದಾರರು ಪಕ್ಷದ ಕೈಬಿಡಲಿಲ್ಲ. ಮಸೂದೆ ಮತ್ತೆ ಸಭೆಗೆ ಬಂದಾಗ ಪಕ್ಷದ ಹೆಚ್ಚಿನವರು ಮತ ನೀಡದೆ ತಟಸ್ಥರಾದರು. ಆ ವರ್ಷವೇ ಎರಡನೆಯ ಶಾಂತಿ ಕಾನೂನು ಬಂದು ಸಂಸ್ಕೃತಿ ಸಮರ ಬಹುಮಟ್ಟಿಗೆ ಅಂತ್ಯವಾಯಿತು. ವಿಧೇಯತೆಯೂ ಸ್ವಾತಂತ್ರ್ಯವೂ ಒಂದೇ ಹೃದಯದಲ್ಲಿ ನೆಲೆಸಬಲ್ಲವೆಂಬುದಕ್ಕೆ ಈ ಘಟನೆಗಿಂತ ಬೇರೆ ನಿದರ್ಶನವನ್ನು ನಾವು ಹುಡುಕಬೇಕಾಗಿಲ್ಲ.

ಎರಡು ವರ್ಷಗಳ ಮೇಲೆ ಅವರ ಸ್ವಂತ ಮನೆಯವರೇ ಬೇರೆ ದಾರಿ ಹಿಡಿದರು. 1889ರ ಮುಪ್ಪಿನ ಮತ್ತು ಅಂಗವೈಕಲ್ಯದ ವಿಮೆಯಲ್ಲಿ, ಪ್ರತಿ ಪಿಂಚಣಿಗೂ ವರ್ಷಕ್ಕೆ 50 ಮಾರ್ಕ್ ಖಜಾನೆಯಿಂದ ಸೇರಿಸುವ ಏರ್ಪಾಡಿತ್ತು. ಎಪ್ಪತ್ತು ದಾಟಿದ ಕೂಲಿಗಾರನಿಗೆ ಪಿಂಚಣಿ. ವಿಂಟ್‌ಹೋರ್ಸ್ಟರು ತಮ್ಮ ಹಳೆಯ ವಾದದಂತೆ ವಿರೋಧಿಸಿದರು. ಪಕ್ಷದ ಬಹುಪಾಲು ಅವರನ್ನು ಹಿಂಬಾಲಿಸಿತು. ಆದರೆ ಫ್ರಾಂಕೆನ್‌ಸ್ಟೈನರು ಮುಂದಾಗಿ, ಅವರೂ ಸೇರಿ ಹದಿಮೂರು ಮಂದಿ ಪರವಾಗಿ ಮತವಿತ್ತರು. ಮೇ 24ರಂದು 185 ಮತಗಳು ಪರ, 165 ವಿರುದ್ಧ ಬಂದು ಕಾನೂನು ಗೆದ್ದಿತು. ಆ ಹದಿಮೂರು ಮತಗಳು ಅತ್ತಿತ್ತ ಸರಿದಿದ್ದರೆ ಅದು ಸೋಲುತ್ತಿತ್ತು.

ಯಾರು ಸರಿ? ಇಂದು ಹಿಂದಿರುಗಿ ನೋಡುವ ನಮಗೆ ಫ್ರಾಂಕೆನ್‌ಸ್ಟೈನರ ಕಡೆಯೇ ಹೆಚ್ಚು ನ್ಯಾಯ ಕಾಣುತ್ತದೆ. ಮುಪ್ಪಿನ ಕಡುಬಡತನವನ್ನು ಕೂಲಿಯ ವಂತಿಗೆಯೊಂದೇ ನೀಗಲಾರದು. ಎಲ್ಲರ ತೆರಿಗೆಯ ಹಣವೂ ಅಲ್ಲಿಗೆ ಹರಿಯಬೇಕು. ಲೋಕದ ಅನುಭವ ಅದನ್ನೇ ಹೇಳಿದೆ. ಜರ್ಮನಿಯ ರೋಗನಿಧಿಗಳಿಗೂ ಈಗ ಖಜಾನೆಯ ಹಣ ಸೇರುತ್ತದೆ. ಆದರೆ ವಿಂಟ್‌ಹೋರ್ಸ್ಟರ ಭಯವೂ ಹುಸಿಯಾಗಿರಲಿಲ್ಲ. ಎಲ್ಲವನ್ನೂ ಕೊಡುವ ಪ್ರಭುತ್ವವು ಎಲ್ಲವನ್ನೂ ಕೇಳುವ ಪ್ರಭುತ್ವವೂ ಆಗಬಹುದೆಂಬುದನ್ನು ಅದೇ ದೇಶ ಮುಂದೆ 1933ರ ತರುವಾಯ ಕಂಡಿತು; ಆಗ ರೋಗನಿಧಿಗಳ ಸ್ವಯಮಾಡಳಿತವನ್ನೂ ಕಿತ್ತುಹಾಕಲಾಯಿತು. ಯುದ್ಧಾನಂತರ ಅದು ಮತ್ತೆ ನೆಲೆಗೊಂಡಿತು. ತನ್ನ ನಾಯಕನನ್ನು ಧಿಕ್ಕರಿಸದೆಯೇ ಅವನ ವಿರುದ್ಧ ಮತ ಕೊಡಬಲ್ಲ ಪಕ್ಷವನ್ನು ಬೆಳೆಸಿದುದು ಆ ನಾಯಕನಿಗೇ ಸಲ್ಲುವ ಗೌರವವೆಂದು ನಾವು ಭಾವಿಸುತ್ತೇವೆ.

1890ರ ಮಾರ್ಚ್ 12ರಂದು ಬಿಸ್ಮಾರ್ಕನೇ ತನ್ನ ಹಳೆಯ ವೈರಿಯನ್ನು ಭೇಟಿಗೆ ಬರಮಾಡಿಕೊಂಡು ಬೆಂಬಲ ಕೋರಿದನು. ಆ ಭೇಟಿಯ ಕೆಲವೇ ದಿನಗಳಲ್ಲಿ ಪ್ರಧಾನಿಯ ಅಧಿಕಾರ ಕೊನೆಗೊಂಡಿತು. ಅದೇ ವರ್ಷ ವಿಂಟ್‌ಹೋರ್ಸ್ಟರ ಪ್ರೇರಣೆಯಿಂದ, ಸಾಮಾನ್ಯ ಜನರಿಗೆ ಸಾಮಾಜಿಕ ವಿಷಯಗಳ ಶಿಕ್ಷಣ ನೀಡುವ ಕಥೋಲಿಕ ಜನಸಂಘವೊಂದು ಸ್ಥಾಪನೆಯಾಯಿತು. ಹಾನೋವರಿನ ಸಂತ ಮರಿಯಮ್ಮನವರ ದೇವಾಲಯ ಪೂರ್ಣಗೊಂಡುದೂ ಅದೇ ವರ್ಷ. ಅಭಿಮಾನಿಗಳು ತಮ್ಮ ನಾಯಕನಿಗೆಂದು ಕಾಣಿಕೆ ಕೂಡಿಸಿದಾಗ, ಅದನ್ನು ತಮಗಾಗಿ ಇಟ್ಟುಕೊಳ್ಳದೆ ಆ ದೇವಾಲಯಕ್ಕೆ ಒಪ್ಪಿಸಿದ್ದರು. 1891ರ ಮಾರ್ಚ್ 14ರಂದು ಬರ್ಲಿನಿನಲ್ಲಿ, ಎಪ್ಪತ್ತೊಂಬತ್ತರ ವಯಸ್ಸಿನಲ್ಲಿ, ಇನ್ನೂ ಸದಸ್ಯರಾಗಿರುವಾಗಲೇ ತೀರಿಕೊಂಡರು. ಅವರ ದೇಹವನ್ನು ಅದೇ ದೇವಾಲಯದಲ್ಲಿ ಸಮಾಧಿ ಮಾಡಲಾಯಿತು. ಎರಡು ತಿಂಗಳ ತರುವಾಯ, ಮೇ 15ರಂದು, ಜಗದ್ಗುರು ಹದಿಮೂರನೆಯ ಲಿಯೋರವರು ಕಾರ್ಮಿಕರ ಸ್ಥಿತಿಗತಿಯನ್ನು ಕುರಿತ ತಮ್ಮ ವಿಶ್ವಪರಿಪತ್ರವನ್ನು ಹೊರಡಿಸಿದರು. ಅದನ್ನು ಕೇಳಲು ವಿಂಟ್‌ಹೋರ್ಸ್ಟರು ಉಳಿದಿರಲಿಲ್ಲ. ದೇವಾಲಯವು ಎರಡನೆಯ ಮಹಾಯುದ್ಧದ ಬಾಂಬಿಗೆ ಕೆಡೆದು, ಮತ್ತೆ ಎದ್ದು ನಿಂತಿದೆ.

ನಮ್ಮ ದೇಶವೂ ಆ ದಾರಿಯಲ್ಲಿಯೇ ನಡೆಯಿತು. ಪ್ರೊಫೆಸರ್ ಅಡಾರ್ಕರರು 1944ರಲ್ಲಿ ಸಿದ್ಧಪಡಿಸಿದ ವರದಿಯ ಆಧಾರದ ಮೇಲೆ 1948ರಲ್ಲಿ ಕಾರ್ಮಿಕರ ರಾಜ್ಯ ವಿಮಾ ಕಾನೂನು ಬಂದಿತು. 1952ರಲ್ಲಿ ಕಾನ್ಪುರ ಮತ್ತು ದೆಹಲಿಗಳಲ್ಲಿ ಯೋಜನೆ ಪ್ರಾರಂಭವಾಯಿತು. ನಮ್ಮ ಧರ್ಮಕೇಂದ್ರದಲ್ಲಿಯೂ ಇ.ಎಸ್.ಐ. ಚೀಟಿ ಹಿಡಿದು ಔಷಧಿಗಾಗಿ ಸಾಲಿನಲ್ಲಿ ನಿಲ್ಲುವ ಸಹೋದರ ಸಹೋದರಿಯರು ಇದ್ದಾರೆ. ಮಾಲೀಕನ ಪಾಲು, ಕಾರ್ಮಿಕನ ಪಾಲು ಎಂದು ಸಂಬಳದ ಚೀಟಿಯಲ್ಲಿ ಕಾಣುವ ಆ ಚಿಕ್ಕ ಅಂಕಿಯ ಹಿಂದೆ, ಕಣ್ಣು ಕಾಣದ ಒಬ್ಬ ಮುದುಕ ಪರದೇಶದ ಸಭೆಯೊಂದರಲ್ಲಿ ಮಾಡಿದ ವಾದವೂ ಇದೆಯೆಂಬುದನ್ನು ಅವರು ತಿಳಿಯಲಿ.

ನೂರು ವರ್ಷಗಳ ನೆನಪಿನಲ್ಲಿ ಸೇರಿರುವ ನಾವು, ಮುಂದಿನ ಬಾರಿ ಮತಗಟ್ಟೆಗೆ ಹೋಗುವಾಗ ಅಥವಾ ನಮ್ಮ ಪ್ರತಿನಿಧಿಯನ್ನು ಪ್ರಶ್ನಿಸುವಾಗ, ಅವರ ಎರಡು ಪ್ರಶ್ನೆಗಳನ್ನು ಜೊತೆಗೆ ಒಯ್ಯೋಣ. ರೋಗಿಯ ಔಷಧಿಗೆ ಹಣ ಕೊಡುವವರು ಯಾರು, ಅದರಿಂದ ಯಾರ ಕೈ ಬಲವಾಗುತ್ತದೆ ಎಂದು ಕೇಳುವುದೂ ವಿಶ್ವಾಸಿಯ ಕರ್ತವ್ಯದಲ್ಲಿ ಸೇರಿದ್ದೇ. ಆ ನ್ಯಾಯವಂತ ಗೃಹಸ್ಥನ ಆತ್ಮಕ್ಕೆ ಪ್ರಭು ನಿತ್ಯಶಾಂತಿಯನ್ನು ಕರುಣಿಸಲಿ.